ಹಿಂಡುವುದು ಬರುತ್ತದೆ

ಕಾಲಿಮ್ನೊಸ್ ದ್ವೀಪದ ಬಂದರಿನಲ್ಲಿ
ನಲವತ್ತಾರು ವರ್ಷ ಸ್ಪಂಜು ಕತ್ತರಿಸಿದವನು ನಾನು, ಸ್ಕೇವೊಸ್.
ಕೈಗೆ ಬಂದದ್ದನ್ನು ಮೊದಲು ಹಿಂಡುತ್ತೇನೆ.
ಹಿಂಡಿದ್ದು ಲೆಕ್ಕಕ್ಕಿಲ್ಲ.
ಮುಷ್ಟಿ ಬಿಟ್ಟ ಮೇಲೆ
ಎಷ್ಟು ಬೇಗ ಮೈ ಅರಳಿಸುತ್ತದೆ,
ಬೆಲೆ ಅಲ್ಲಿದೆ.

ಇಷ್ಟು ಬಲ್ಲವನು
ಎಡಮಗ್ಗುಲಾಗಿ ಮಲಗಿ, ಎದೆಗೆ ತಣ್ಣನೆಯ ಲೋಳೆ ಬಳಿಸಿಕೊಂಡು
ಪೆದ್ದನ ಹಾಗೆ ಕೇಳಿದೆ:
ಹಿಂಡುತ್ತಿದೆಯಲ್ಲ, ಮತ್ತೇನು?

ಹಿಂಡುತ್ತಿದೆ, ಅಂದಳು ಡಾಕ್ಟರ್ ಥೆಮೆಲಿನಾ,
ನೂರಕ್ಕೆ ಅರವತ್ತು ಪಾಲು ಹೊರಹಾಕುತ್ತಿದೆ, ಅದು ಸರಿ.
ಸಡಿಲಲು ಬರುತ್ತಿಲ್ಲ ಅದಕ್ಕೆ.

ಪರದೆಯ ಮೇಲೆ ಎರಡು ಗುಡ್ಡ.
ಒಂದಾದ ಮೇಲೊಂದು, ಮತ್ತೆ ಅವೇ.
ಮೊದಲನೆಯದು ಎತ್ತರ ಇರಬೇಕಿತ್ತು,
ಕೋಣೆ ತಾನಾಗಿ ಸಡಿಲಿ ನೆತ್ತರನ್ನು ಒಳಗೆ ಕರೆಯುವ ಹೊತ್ತು.
ನನ್ನದು ಗಿಡ್ಡ.
ಎರಡನೆಯದು ಮೇಲಿನ ಕೋಣೆಯ ಬಲವಂತ,
ಬಾಯಿ ತೆರೆಯದ ಮಗುವಿಗೆ ತುತ್ತು ತುರುಕಿದ ಹಾಗೆ.

ಅಥೆನ್ಸಿನಲ್ಲಿ ಎರಡು ಸ್ಟೆಂಟ್ ಹಾಕಿದ್ದಾರಲ್ಲ, ಅಂದೆ.
ಹಾಕುವ ಮೊದಲು ಬಹಳ ಕಾಲ
ಅರೆಹೊಟ್ಟೆಯಲ್ಲಿ ದುಡಿದ ಸ್ನಾಯು ಅದು.
ಬಿಗಿಯುವುದಕ್ಕಷ್ಟೇ ಕಸುವು ಬೇಕು ಅಂದುಕೊಂಡಿರಾ?
ಸಡಿಲುವುದಕ್ಕೂ ಬೇಕು.
ಉಣಿಸು ಕಡಿಮೆಯಾದಾಗ ಮೊದಲು ಕೈಕೊಡುವುದು ಅದೇ.

ಮೂಲೆಯಲ್ಲಿದ್ದ ಸೆವಸ್ತಿ ಗೊಳ್ಳೆಂದಳು:
ಮೂವತ್ತೆಂಟು ವರ್ಷದಿಂದ ನಾನು ಹೇಳುತ್ತಿರುವುದೇನು ಮತ್ತೆ!
ದೋಣಿಯ ಪಾಲಿಗಾಗಿ ಅಣ್ಣನ ಜೊತೆ ಮಾತು ಬಿಟ್ಟದ್ದು
ಅವಳ ಮನಸ್ಸಿನಲ್ಲಿತ್ತು.
ಡಾಕ್ಟರ್ ನಗಲಿಲ್ಲ. ಹಟಮಾರಿಗಳೆಲ್ಲ ಎದೆರೋಗಿಗಳಲ್ಲ, ಅಂದಳು,
ಇದು ಬರೀ ಮಾಂಸದ ವಿಷಯ.
ಆ ಮಾತಿಗೆ ಅವಳ ಕೈಗೆ ಮುತ್ತಿಡಬೇಕೆನಿಸಿತು.

ಮುಂದೇನು?
ಕೇಳಿದ್ದು ನಾನಲ್ಲ, ಸೆವಸ್ತಿ, ನಗು ನಿಂತ ಮೇಲೆ.

ಮೊದಲ ಮೆಟ್ಟಿಲಲ್ಲಿದ್ದೀರಿ. ಇಲ್ಲಿಯೇ ಬಹಳ ವರ್ಷ ಕೂತವರಿದ್ದಾರೆ.
ಮೂರನೆಯದಕ್ಕೆ ಇಳಿದವರ ದಾರಿ ಚಿಕ್ಕದು, ಸುಳ್ಳು ಹೇಳಲಾರೆ.
ಅಂಕಿ ಕೇಳಬೇಡಿ, ಅಂಕಿ ಗುಂಪಿನದು, ನೀವು ಒಬ್ಬರು.
ಒತ್ತಡದ ಮಾತ್ರೆ ತಪ್ಪಿಸಬೇಡಿ. ನಡೆಯಿರಿ. ಉಪ್ಪು ಬಿಡಿ.
ಎರಡು ದಿಂಬು ಮೂರಾದ ರಾತ್ರಿ,
ಪಾದದಲ್ಲಿ ಹೆಬ್ಬೆರಳು ಒತ್ತಿದ ಗುಳಿ ಹಾಗೇ ಉಳಿದ ದಿನ,
ಬೆಳಗಾಗಲಿ ಎನ್ನಬೇಡಿ, ಫೋನ್ ಮಾಡಿ.

ಉಪ್ಪು!
ಸುತ್ತ ಸಮುದ್ರ ಇಟ್ಟುಕೊಂಡು ಕೂತವನಿಗೆ.

ಮನೆಗೆ ನೂರಾ ಹನ್ನೆರಡು ಮೆಟ್ಟಿಲು.
ನಲವತ್ತಮೂರರಲ್ಲಿ ಉಸಿರು ನಿಲ್ಲುತ್ತಿತ್ತು, ಬೈದುಕೊಂಡು ಹತ್ತುತ್ತಿದ್ದೆ.
ಇವತ್ತು ಮೂವತ್ತಕ್ಕೇ ಕೂತೆ.
ಪಕ್ಕದ ಬೆಕ್ಕು ಎದ್ದು ಹೋಗಲಿಲ್ಲ.
ಎದೆಯ ಬಡಿತ ನಿಧಾನವಾದಷ್ಟೂ
ಎರಡು ಬಡಿತದ ನಡುವಿನ ಜಾಗ ದೊಡ್ಡದಾಗುತ್ತದಂತೆ,
ತುಂಬಿಕೊಳ್ಳಲು ಪುರುಸೊತ್ತು.

ಅಂಗಡಿಯಲ್ಲಿ ಗಟ್ಟಿ ಸ್ಪಂಜುಗಳನ್ನು ಬೇರೆ ಬುಟ್ಟಿಗೆ ಎಸೆಯುತ್ತಿದ್ದೆ,
ಅರ್ಧ ಬೆಲೆಗೆ, ಕಾರು ತೊಳೆಯುವವರಿಗೆ.
ಒಬ್ಬ ಗಿರಾಕಿ ಹೇಳಿದ್ದ,
ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ
ಅವೂ ವರ್ಷಗಟ್ಟಲೆ ಬರುತ್ತವೆ ಎಂದು.
ಅವನ ಜೊತೆ ಚೌಕಾಸಿಗೆ ನಿಂತಿದ್ದೆ,
ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.