ಏಳು ಬಿದ್ದರ

ರೆಕ್ಕಿ ಸರ್ಪ ಸತ್ತದ್ದು ಆಷಾಢದ ಮೂರನೇ ಐತಾರ,
ಬೀದರಿನ ಓಲ್ಡ್ ಸಿಟಿಯ ಒಂದು ಮಾಳಗಿ ಮ್ಯಾಲ,
ಕರೆಂಟು ಹೋಗಿ, ಮೊಬೈಲ್ ಬೆಳಕಿನಾಗ.
ಗವಿಯೊಳಗ ಸಿಕ್ಕದ್ದು ಹನ್ನೆರಡು ಸಾವಿರ ಹೊನ್ನು.
ಮುಂದಿನ ನಕ್ಷೆ ಬರೆದಿಟ್ಟಿದ್ದೆ ನಾನು:
ಹಿಮದ ಕೋಟಿ, ಕುರುಡ ರಾಣಿ, ಮಾತಾಡೋ ಬಾವಿ.
ವಾರವಿಡೀ ಗಂಜಿನ ಅಡತಿ ಅಂಗಡಿಯಾಗ
ತೊಗರಿ ಚೀಲದ ಲೆಕ್ಕದ ನಡುವ ಕದ್ದು ಬರೆದದ್ದು.

"ರಾಣಿ ಇರ್ಲಿ ಅಕ್ಕಾ," ಅಂದ ವೈಜಿನಾಥ,
"ಆ ಊರಾಗ ಬಾಡಗಿಗಿ ಅಂಗಡಿ ಸಿಗ್ತಾವೇನು?"

ಮಾಂತ್ರಿಕ ಅಂವ, ಸಿಡಿಲು ಮುಷ್ಟಿಯಾಗ ಹಿಡಿದಂವ;
ಕಾಳಿನ ಅಡತಿ ಇಡ್ತಾನಂತ.
ತಬಸ್ಸುಮಳ ಕಳ್ಳಿ ಬೀಗದ ದುಕಾನ ಹಾಕಿದಳು:
"ಎಂಥಾ ಬೀಗ ಗಟ್ಟಿ, ನನಗಿಂತ ಯಾರಿಗಿ ಗೊತ್ತು?"
ಝರೆಪ್ಪನ ರಾಕ್ಷಸ, ಎರಡಾಳೆತ್ತರ,
ಕೊಡಲಿ ಗೋಡಿಗಿ ತೂಗಹಾಕಿ ಚಹಾದಂಗಡಿ ತೆರೆದ.
ಮೊದಲ ದಿನವೇ ಬೋರ್ಡು: ಉದ್ರಿ ಬಂದ್.

ಮನ್ನಾನ್ ಮಾತಾಡಲಿಲ್ಲ.
ಹಗಲು ಅಂವ ಚೌಬಾರಾದ ಹಿಂದ
ಬೆಳ್ಳಿ ತಂತಿ ಬಡೀತಾನ, ನಗಕ್ಕಿಷ್ಟು ಅಂತ ಕೂಲಿ;
ಹೂಜಿಯ ತಳಕ್ಕ ಸೇಠನ ಹೆಸರು.
ಆಟದಾಗ ಈಟಿಗಾರ. ತನ್ನ ಪಾಲಿನ ಹೊನ್ನು
ಕಾಗದದ ಮೂಲಿಯಾಗ ಹಂಗೇ ಬಿಟ್ಟಿದ್ದ.

ಹೆದರಿಸಿ ನೋಡಿದೆ. ದರೋಡೆಕೋರರನ್ನ ಕಳಿಸಿದೆ;
ಚಹಾ ಕುಡಿಸಿ ರೊಕ್ಕ ಎಣಿಸಿಕೊಂಡರು.
ಭೂತ ಕಳಿಸಿದೆ; ವೈಜಿನಾಥ ರಶೀದಿ ಹರಿದುಕೊಟ್ಟ,
ಹಳಿ ಬಾಕಿ ಸಮೇತ.
ಲೋಕ ಮುಳುಗ್ಲತದ, ಅಂದೆ.
"ಯಾವ ವಾರ?" ಕೇಳಿದಳು ತಬಸ್ಸುಮ್. "ಸೋಮವಾರ ಸಂತಿ ಅದ."

ಹಗಲೆಲ್ಲ ಜಮಾ-ಖರ್ಚು ಬರೆದು ಬಂದು
ರಾತ್ರಿ ಮತ್ತ ಜಮಾ-ಖರ್ಚು! ಸಿಟ್ಟು ಬಂದದ್ದು ಖರೆ.
ಆದರ ಗಂಜಿನ ವಹಿಯಾಗ ಅಕ್ಷರ ನಂದು, ಲಾಭ ಯಾರದೋ.
ಇಲ್ಲಿ ಬೆಂಕಿ ಹಚ್ಚೋದೂ ನಾನೇ, ಮಳಿ ತರೋದೂ ನಾನೇ.
ತಿಂಗಳ ವ್ಯಾಪಾರಕ್ಕ ಒಮ್ಮೆ ದಾಳ, ಇಪ್ಪತ್ತು ಮುಖದ್ದು:
ಒಂದು ಬಿದ್ದರ ಬೆಂಕಿ, ಇಪ್ಪತ್ತಕ್ಕ ಬರಕತ್ತು.

ಶ್ರಾವಣ ಹತ್ತಿದ ಮ್ಯಾಲ, ಒಂದು ಐತಾರ,
ಮನ್ನಾನ್ ಕಿಸೆಯಿಂದ ತೆಗೆದಿಟ್ಟ
ಕರ್ರನ ದಾಳ.
ತಾನೇ ಎರಕ ಹೊಯ್ದದ್ದು, ಕೋಟಿ ಮಣ್ಣಿನಾಗ ಕುದಿಸಿ ಕಪ್ಪು ಬರಿಸಿದ್ದು,
ಅಂಕಿ ಅಂಕಿಗೂ ಕೂದಲಿನಷ್ಟು ಬೆಳ್ಳಿ.
ಯಾರ ಆರ್ಡರೂ ಅಲ್ಲ.
ಎತ್ತ ತಿರುಗಿಸಿದರೂ ಒಂದು ಮುಖ; ತಳವೇ ಇಲ್ಲ,
ಹೆಸರು ಹೊಡೀಲಾಕ ಜಾಗವಿಲ್ಲ.

"ನನ್ನ ಈಟಿಗಾರ ಕಾರ್ಖಾನಿ ಹಾಕ್ತಾನ," ಅಂದ.
"ಬೋರ್ಡಿನ ಮ್ಯಾಲ ಏನು ಬರೀಲಿ?"
"ಖಾಲಿ ಇರ್ಲಿ. ಮಂದಿ ತಾವೇ ಹೇಳ್ತಾರ."

ಉರುಳಿಸಿದೆವು. ಏಳು.
ಮತ್ತ ಏಳು. ಹದಿಮೂರು. ಮತ್ತ ಏಳು.
ಎಲ್ಲೋ ಒಂದು ಕಡಿ ಜಸ್ತು ಜಾಸ್ತಿ ಕುಂತದ.
ಝರೆಪ್ಪ ನಕ್ಕ. ಮನ್ನಾನನ ಕಿವಿ ಕೆಂಪಾದವು,
"ಕರಗಿಸಿ ಮತ್ತ ಹೊಯ್ತೀನಿ."

ದಾಳ ಅವನ ಕೈಗಿ ಕೊಡಲಿಲ್ಲ ನಾನು.
ಕೆಂಪು ವಹಿ ತೆರೆದು ನಿಯಮದ ಪುಟಕ್ಕ
ಒಂದು ಸಾಲು ಸೇರಿಸಿದೆ:
ಏಳು ಬಿದ್ದರ ಲಾಭ ಇಲ್ಲ, ಲುಕ್ಸಾನ್ ಇಲ್ಲ,
ಅಂಗಡಿ ತೆರೆದದ.

ಕುರುಡ ರಾಣಿಯನ್ನ ಇನ್ನೂ ಹೊಡೆದುಹಾಕಿಲ್ಲ.
ಬರೋ ವಾರ ಕಳಿಸ್ತೀನಿ, ಹೂಜಿ ನೋಡ್ಲಾಕ,
ಬೆರಳಿನಿಂದ.
ಭಾಳ ಚೌಕಾಸಿ ಮಾಡ್ತಾಳ, ಈಗೇ ಹೇಳಿರ್ತೀನಿ.