ಅರ್ಧ ದಿನ ಬಾಕಿ

ಐವತ್ತು ದಿನ. ಅದರ ಮೇಲೆ ಒಂದು ಗಳಿಗೆ ಹೆಚ್ಚಾದರೂ
ಪಿಂಚಣಿಗೆ ಕತ್ತರಿ ಅಂತ ಮಂಡಳಿಯ ಸುತ್ತೋಲೆ.
ಕಪಾಟಿನ ಬಾಗಿಲಿಗೆ ಒಳಮಗ್ಗುಲಲ್ಲಿ ಅಂಟಿಸಿಟ್ಟಿದ್ದೇನೆ.
ಹೊರಗೆ ಅಂಟಿಸಿದರೆ ಅವರು ಓದಿ
ಕಾಗುಣಿತ ತಿದ್ದುತ್ತಾರೆ.

ಅವರು ಅಂದರೆ ಆರ್ವೋ ಕಿವೆಲಾ. ಎಪ್ಪತ್ತರ ಹತ್ತಿರ.
ಸುಪೀರಿಯರ್ ಸರೋವರದ ಬಡಗಣ ದಂಡೆಯ ಈ ಊರಿನಲ್ಲಿ
ಲೆಕ್ಕದ ಮೇಷ್ಟ್ರು ನಿಲ್ಲುವುದಿಲ್ಲ;
ಸೆಪ್ಟೆಂಬರಿನಲ್ಲಿ ಬಂದವರು
ಮೊದಲ ಮೈನಸ್ ನಲವತ್ತಕ್ಕೇ ಗಂಟುಮೂಟೆ ಕಟ್ಟುತ್ತಾರೆ.
ಬೆಳಗ್ಗೆ ಆರಕ್ಕೆ ನಾನು ಫೋನು ಮಾಡುತ್ತೇನೆ.
ಒಂದನೇ ರಿಂಗಿಗೇ ಎತ್ತುತ್ತಾರೆ.
ಬೂಟು ಹಾಕಿಕೊಂಡೇ ಕೂತಿರುತ್ತಾರೋ ಏನೋ.

ನಿಯಮಕ್ಕೂ ಅದರದ್ದೇ ನ್ಯಾಯ ಇದೆ ಅನ್ನಿ:
ಹಳಬರು ಕುರ್ಚಿ ಬಿಡದಿದ್ದರೆ ಹೊಸಬರು ಎಲ್ಲಿ ಕೂರಬೇಕು?
ಸರಿಯೇ.
ಇಲ್ಲಿ ಬರೀ ಕುರ್ಚಿ ಇದೆ.

ಲೆಕ್ಕ ಇಡುವವಳು ನಾನು, ಶಾಲೆಯ ಗುಮಾಸ್ತೆ.
ಪೂರ್ತಿ ದಿನಕ್ಕೆ ಒಂದು ಗೀಟು, ಅರ್ಧಕ್ಕೆ ಅರ್ಧ ಗೀಟು,
ಐದನೆಯದು ಅಡ್ಡಗೀಟು, ಬೇಲಿಯ ಗೇಟಿನ ಹಾಗೆ.
ಭಿನ್ನರಾಶಿ ನನಗೆ ಕಲಿಸಿದವರೂ ಅವರೇ,
ಮೇಜಿನ ಮೇಲೆ ಕಪ್ಪು ರೈ ರೊಟ್ಟಿ ಇಟ್ಟು ಕೊಯ್ದು:
ಛೇದ ದೊಡ್ಡದಾದಷ್ಟೂ ತುಂಡು ಚಿಕ್ಕದು, ರೆಜಾನ್,
ಮೋಸ ಹೋಗಬೇಡ.
ನಾನು ಹೋದೆ. ಎಂಟು ದೊಡ್ಡದೆಂದು
ಎಂಟನೇ ಒಂದು ಕೇಳಿ ತೆಗೆದುಕೊಂಡು
ಅದನ್ನೇ ನೋಡುತ್ತ ಕೂತೆ.

ಫೆಬ್ರವರಿಯ ಒಂದು ಅರ್ಧ ದಿನ.
ಮಧ್ಯಾಹ್ನ ದಾಟಿದರೆ ಅದು ಪೂರ್ತಿ ದಿನ, ನಿಯಮ ಏಳು.
ಹನ್ನೆರಡೂ ನಲವತ್ತಾದರೂ ಕೋಣೆಯಲ್ಲಿ ಸೀಮೆಸುಣ್ಣದ ಸದ್ದು.
ಇಣುಕಿದೆ. ಜೋಸೆಟ್ ಮಕ್ವಾ
ಒಂದನ್ನು ಏಳರಿಂದ ಭಾಗಿಸುತ್ತಾ ಭಾಗಿಸುತ್ತಾ
ಬೋರ್ಡಿನ ಅಂಚು ದಾಟಿ ಗೋಡೆಗೆ ಇಳಿದಿದ್ದಾಳೆ.
ಮುಗಿಯೋದೇ ಇಲ್ಲವಲ್ಲ ಸಾರ್.
ಇವರು ಕೈಕಟ್ಟಿ ನಿಂತಿದ್ದಾರೆ, ತುಟಿ ಬಿಚ್ಚದೆ.
ಒಂದು ನಾಲ್ಕು ಎರಡು ಎಂಟು ಐದು ಏಳು
ಒಂದು ನಾಲ್ಕು
ಅವಳ ಕೈ ತಟ್ಟನೆ ನಿಂತಿತು.
ಮೊದಲ ಅಂಕೆಯತ್ತ ತಿರುಗಿದಳು,
ಗುರುತಿನವರು ಯಾರೋ ಬೀದಿಯಲ್ಲಿ ಸಿಕ್ಕಂತೆ.

ನಾನು ಅರ್ಧ ಗೀಟೇ ಎಳೆದಿದ್ದೆ.
ಈ ಹಿಮದಲ್ಲಿ ನಲವತ್ತು ನಿಮಿಷ ಯಾರು ಕೇಳುತ್ತಾರೆ?
ಕೋಟಿನ ಒಂದೇ ತೋಳು ಹಾಕಿಕೊಂಡು
ಅವರು ಪುಸ್ತಕ ತಿರುಗಿಸಿಕೊಂಡರು,
ಪೆನ್ಸಿಲು ಇಸಿದುಕೊಂಡು ಉಳಿದರ್ಧ ತಾವೇ ಎಳೆದರು.
ಶೇಷ ಬಿಟ್ಟರೆ ಉತ್ತರ ತಪ್ಪು.
ಮೂವತ್ತು ವರ್ಷದ ಹಿಂದಿನದೇ ದನಿ.
ನನಗೆ ಸಿಟ್ಟು ಬಂತು. ಮಂಡಳಿಯ ಮೇಲಲ್ಲ, ಇವರ ಮೇಲೆ.
ಈಗಲೂ ಅಷ್ಟಿಷ್ಟು ಇದೆ.

ದಿನ ಕಳೆಯುವುದು ಅನ್ನುತ್ತೇವಲ್ಲ,
ಅದು ಇಷ್ಟು ನೇರ ಲೆಕ್ಕವೆಂದು ತಿಳಿದಿರಲಿಲ್ಲ:
ಐವತ್ತರಲ್ಲಿ ಒಂದು ಕಳೆದು, ಮತ್ತೊಂದು ಕಳೆದು,
ದಶಕ ಕಡ ತಂದು, ತೀರಿಸದೆ.

ಏಪ್ರಿಲ್ ಕೊನೆಗೆ ನಲವತ್ತೊಂಬತ್ತೂವರೆ.
ಸರೋವರದ ಮಂಜುಗಡ್ಡೆ ಇನ್ನೂ ನರಳುತ್ತಿತ್ತು.
ಏಳನೇ ತರಗತಿಗೆ ಈಗ ಗಣಿತ ಪರದೆಯ ಮೇಲೆ ಬರುತ್ತದೆ,
ದೂರದ ಊರಿನ ಯಾವುದೋ ಹುಡುಗ, ಒಳ್ಳೆಯವನೇ,
ಮಕ್ಕಳ ಹೆಸರು ಓದಲು ಬಾರದು.
ಗೋಡೆಯ ಅಂಕೆಗಳನ್ನು ಜವಾನ ಒರೆಸಲಿಲ್ಲ.
ನಾನು ಹೇಳಲೂ ಇಲ್ಲ.

ಉಳಿದ ಅರ್ಧ ದಿನ ಯಾವಾಗ ಅಂತ ಕೇಳಿದ್ದೆ.
ಇರಲಿ ಬಿಡು, ಎಂದಿದ್ದರು.

ಮೇ ತಿಂಗಳ ಒಂದು ಬೆಳಗ್ಗೆ, ಆರು ಗಂಟೆ,
ಬೆರಳು ತನ್ನಷ್ಟಕ್ಕೆ ಅವರ ನಂಬರು ಒತ್ತಿತು.
ಒಂದನೇ ರಿಂಗು.
ಯಾವ ತರಗತಿ?
ಯಾವುದೂ ಇಲ್ಲ ಸಾರ್, ಕೈ ತಪ್ಪಿತು, ಅಂದೆ.
ಓ, ಅಂದರು. ಫೋನು ಇಡಲಿಲ್ಲ.
ಆಚೆ ಕುರ್ಚಿ ಕಿರುಗುಟ್ಟಿತು,
ನೆಲಕ್ಕೆ ಒಂದು ಬೂಟು ಬಿದ್ದ ಸದ್ದು.
ಕಾದೆ.
ಇನ್ನೊಂದು ಬೀಳಲಿಲ್ಲ.