ಉಮ್ಮತ್ತಾಟ್‌ಗೆ ಎಷ್ಟು ಟಿ?

ಗೋಣಿಕೊಪ್ಪ ಬಸ್‌ಸ್ಟ್ಯಾಂಡಿನ ಹಿಂದೆ, ಹಂಸಾಕನ ಸೈಬರಿಗೆ
ಶುಕ್ರವಾರ ಸಂಜೆ ಬೊಳ್ಳವ್ವ ಟೀಚರ್ ಬಂದು
ಮೇಜಿನ ಮೇಲೆ ಗುಡ್ಡೆ ಹಾಕಿದ್ದು
ಟೇಪ್‌ರೆಕಾರ್ಡರ್ ಜಗಿದು ಉಗುಳಿದ ಕ್ಯಾಸೆಟ್ಟಿನ ಕರುಳು.
"ನಾಳೆ ಸ್ಕೂಲ್ ಡೇ. ಹನ್ನೆರಡು ಹುಡುಗಿಯರು,
ಹನ್ನೆರಡು ಜೋಡಿ ತಾಳ. ಹಾಡು ಮಾತ್ರ ಇಲ್ಲ.
ನಿನ್ನ ಡಬ್ಬಿಯಲ್ಲಿದೆಯಾ?"

ನನ್ನದರಲ್ಲಿಲ್ಲ ಟೀಚರ್.
ಯಾರದೋ ಡಬ್ಬಿಯಲ್ಲಿರಬಹುದು.
ಅವರು ಅದಕ್ಕಿಟ್ಟ ಹೆಸರು ನಮಗೆ ಹೊಳೆಯಬೇಕು, ಅಷ್ಟೆ.

ಒಂದು ಟಿ ಹಾಕಿದೆ. ಸೊನ್ನೆ.
ಎರಡು ಟಿ. ಸೊನ್ನೆ.
ನಡುವೆ ಒಂದು ಎಚ್ ತುರುಕಿದೆ:
ಯಾವುದೋ ತಮಿಳು ಸಿನಿಮಾದ ಅರ್ಧ, ಮೂರು ವೈರಸ್ಸು.
ಕೂರ್ಗ್ ಎಂದೆ: ಹೋಂಸ್ಟೇ, ಹೋಂಸ್ಟೇ,
ಒಬ್ಬ ಪುಣ್ಯಾತ್ಮನ ಮದುವೆಯ ವಾಲಗ.

"ಹೇಗೆ ಹುಡುಕುತ್ತದೆ ಇದು?"

ನಮ್ಮ ನಾಡಿನ ಹಾಗೇ ಟೀಚರ್. ಬೀದಿಯಿಲ್ಲ,
ತೋಟಕ್ಕೊಂದು ಮನೆ. ನಾವು ಪಕ್ಕದ ತೋಟಕ್ಕೆ ಕೂಗುತ್ತೇವೆ,
ಅವರು ತಮ್ಮಲ್ಲಿಲ್ಲವೆಂದು ಆಚೆಗೆ ಕೂಗುತ್ತಾರೆ,
ಏಳನೆಯ ಮನೆಯ ನಾಯಿ ಬೊಗಳಿದ ಮೇಲೆ
ಕೂಗು ಅಲ್ಲೇ ಸಾಯುತ್ತದೆ.

"ಎಂಟನೆಯ ಮನೆಯಲ್ಲಿದ್ದರೆ?"

ನಾನು ಮೌಸಿನ ಹೊಟ್ಟೆ ಬಿಚ್ಚಿ ಗುಂಡು ಒರೆಸಿದೆ.

ಟೀಚರ್ ಸುಮ್ಮನೆ ಕೂತಿದ್ದರು. ಆಮೇಲೆ:
"ಮೂವತ್ತು ವರ್ಷ ಸ್ಪೆಲ್ಲಿಂಗಿಗೆ ಕಿವಿ ಹಿಂಡಿದ್ದೇನೆ.
ಈಗ ಆ ತಪ್ಪುಗಳನ್ನೇ ಒಂದೊಂದಾಗಿ ನೆನೆಯಬೇಕು.
ಚೋಂದಮ್ಮ ಅಂತ ಒಬ್ಬಳಿದ್ದಳು,
ಟಿ ಬರಬೇಕಾದಲ್ಲೆಲ್ಲ ಡಿ. ಎಷ್ಟು ಹೊಡೆದರೂ ಡಿ.
ಡಿ ಹಾಕು."

ಹಾಕಿದೆ.
ಒಂದೇ ಸಾಲು ಬಂತು. ಒಬ್ಬರೇ ಇಟ್ಟುಕೊಂಡವರು.
ಹೆಸರಿಲ್ಲ, ಊರಿಲ್ಲ, ಅತಿಥಿ ನಾನೂರ ಹದಿನೇಳು.
ಟೀಚರ್ ಪರದೆಯ ಹತ್ತಿರ ಬಗ್ಗಿ
ಆ ಡಿಯನ್ನು ಬೆರಳಿಂದ ಮುಟ್ಟಿದರು.

ಹಸಿರು ಪಟ್ಟಿ ಬಸವನಹುಳು.
ರಾತ್ರಿ ಹನ್ನೊಂದಕ್ಕೆ ತೊಂಬತ್ತೊಂದು ಪರ್ಸೆಂಟ್.
ಆಮೇಲೆ ಆ ಕಡೆ ಯಾರೋ ಮಲಗಲು ಹೋದರು.

ಶನಿವಾರ ಹಾಡು ತಟ್ಟನೆ ನಿಂತಲ್ಲಿಂದ
ಬರೀ ತಾಳದಲ್ಲೇ ಹುಡುಗಿಯರು ಸುತ್ತು ಮುಗಿಸಿದರಂತೆ.
ಅದೇ ಹಳೇ ಪದ್ಧತಿ ಎಂದು
ಮುಖ್ಯ ಅತಿಥಿಗಳು ಭಾಷಣದಲ್ಲಿ ಹೊಗಳಿದರಂತೆ.

ಉಳಿದ ಒಂಬತ್ತು ಸೋಮವಾರ ಬಂತು,
ಯಾರಿಗೂ ಬೇಡದ ಹೊತ್ತಿಗೆ.
ಫೈಲಿಗೆ ಹೆಸರಿಡುತ್ತ ಕೂತೆ: ಒಂದು ಟಿಯದ್ದು,
ಎರಡು ಟಿಯದ್ದು, ಎಚ್ ಇದ್ದದ್ದು, ಇಲ್ಲದ್ದು,
ಕೂರ್ಗ್, ಕೊಡಗು, ಹೆಂಗಸರ ಕುಣಿತ,
ಕೊನೆಗೆ ಚೋಂದಮ್ಮನ ಡಿ.
ಪರದೆ ದಾಟಿ ಹೋಯಿತು ಬಾಲ.

ಹಂಸಾಕ ಶಟರ್ ಅರ್ಧ ಎಳೆದು ಕೂಗಿದರು:
"ಕರೆಂಟ್ ಬಿಲ್ಲು ನಿನ್ನ ಮಾವ ಕಟ್ಟುತ್ತಾನಾ? ಎಲ್ಲ ಆರಿಸು."

ಮಾನಿಟರ್ ಆರಿಸಿದೆ.